ಪುಕ್ಕಲ ಮಾಸ್ತರನ ಮಗಳು ಫೌಜಿಗೆ ಹೊರಟದ್ದು

ಹೆದರಿಕೆ ನಮ್ಮ ಮನೆಗೆ ದಿನಾ ಬರುವ ನೆಂಟ. ಒಂದು ದಿನ ಬರದಿದ್ದರೆ, ಏನಾಯಿತಪ್ಪಾ ಇವನಿಗೆ ಎಂದು ನಾನೇ ಬಾಗಿಲಿಗೆ ಹೋಗಿ ನೋಡುತ್ತೇನೆ. ಕಾಗವಾಡ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು. ನಾಯಿಗೆ ಹೆದರುತ್ತೇನೆ, ನೀರಿಗೆ ಹೆದರುತ್ತೇನೆ, ಏಣಿಯ ಎರಡನೆಯ ಮೆಟ್ಟಿಲಿಗೆ ಹೆದರುತ್ತೇನೆ. ಶಾಲೆ ತಪಾಸಣೆಗೆ ಬರುವ ಸಾಹೇಬರಿಗಂತೂ ಅವರು ವರ್ಗವಾಗಿ ಹೋದ ಮೇಲೂ ಹೆದರುತ್ತೇನೆ. ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳು, ಸೈನ್ಯದ ಅಧಿಕಾರಿಯಾಗುತ್ತೇನೆ ಎಂದು ಹಟ ಹಿಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೊಂದು ಪ್ರಸಂಗ. ಅವುಗಳಲ್ಲಿ ಹೇಳಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ. ಉಳಿದವನ್ನು ಹೇಳಲು ಹೆಂಡತಿಯ ಹೆದರಿಕೆ.

ಸುದ್ದಿ ಬಂದ ಸಂಜೆ

ಮಗಳು ಆಗ ಹತ್ತನೇ ಇಯತ್ತೆ. ಚಹಾದ ಹೊತ್ತಿಗೆ ಶಾಲೆಯಿಂದ ಬಂದವಳು ಚೀಲ ಇಳಿಸಿ, "ಅಪ್ಪಾ, ಪಿಯುಸಿ ಮುಗಿದ ಮ್ಯಾಲ ನಾ ಸೇನಾ ಅಕಾಡೆಮಿಗೆ ಹೋಗಾಕಿ" ಅಂದಳು. ಇವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿತು ಎಂದು ಹೇಳುವ ದನಿ.

"ಹೆಣ್ಣುಡುಗ್ಯಾರನ್ನ ತಗೋತಾರೇನ ಅಲ್ಲಿ?" ಎಂದು ನನ್ನ ಹೆಂಡತಿ ಕೇಳಿದಳು.

"ಈಗ ತಗೋತಾರವ್ವಾ. ಮೊದಲ ಬರಿಯೂ ಪರೀಕ್ಷಾ. ಅದರಾಗ ಪಾಸಾದ್ರ ಐದು ದಿನ ಸಂದರ್ಶನ. ಅದೂ ಆದ್ರ ಮೈ ತಪಾಸಣಿ. ಎಲ್ಲಾ ದಾಟಿದ್ರ ಪುಣೆ ಕಡೆ ಮೂರು ವರ್ಷ ಟ್ರೇನಿಂಗ್."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಆದರೂ ಮಾಸ್ತರನ ತಲೆ ಒಳಗೊಳಗೇ ಲೆಕ್ಕ ಹಾಕಿತು. ದೇಶದ ತುಂಬ ಇರುವ ಹುಡುಗರು ಬರೆಯುವ ಪರೀಕ್ಷೆ, ಮೂರು ಜರಡಿ, ಯಾವುದಾದರೂ ಒಂದರಲ್ಲಿ ನಿಂತೇ ನಿಲ್ಲುತ್ತಾಳೆ. ಆ ಧೈರ್ಯದ ಮೇಲೆ, "ಹೋಗವಾ, ನಾ ಬ್ಯಾಡ ಅನ್ನಾಂವ ಅಲ್ಲ" ಅಂದುಬಿಟ್ಟೆ. ಮರುದಿನದಿಂದ ಊರಲ್ಲಿ ನನಗೆ ಗಟ್ಟಿ ಗುಂಡಿಗೆಯ ಅಪ್ಪ ಎಂದು ಹೆಸರಾಯಿತು. ಆದರೆ ಆಕೆ ಗಣಿತದಲ್ಲಿ ನೂರಕ್ಕೆ ನೂರು ತಂದ ದಿನ ನಾನು ಗೋಡೆ ಹಿಡಿದು ಕೂತೆ. ಪಾಸಾಗದಿದ್ದರೆ ಮಗಳ ಮುಖ ಹೇಗೆ ನೋಡಲಿ ಎಂಬುದು ಒಂದು ಭಯ. ಪಾಸಾದರೆ ಆ ಮುಖ ಮತ್ತೆ ಯಾವಾಗ ನೋಡಲಿ ಎಂಬುದು ಇನ್ನೊಂದು. ಎರಡನ್ನೂ ಎರಡು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ.

ನನ್ನ ಅವ್ವ, ಅಂದರೆ ಮಗಳ ಆಯಿ, ಆ ಸಂಜೆ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ನಾವು ಜೈನರು. ಅವ್ವ ನೆಲದ ಮೇಲೆ ಕೂರುವ ಮೊದಲು ಇರುವೆ ಇದೆಯೇ ಎಂದು ಸೆರಗಿನಿಂದ ಮೆಲ್ಲಗೆ ಸರಿಸಿ ಕೂರುವವಳು. ಎರಡು ದಿನ ಯೋಚನೆ ಮಾಡಿ ಮೊಮ್ಮಗಳನ್ನು ಕರೆದಳು.

"ಅಲ್ಲಿ ಗುಂಡ ಹೊಡೀಬೇಕಾಗ್ತೈತೇನ ಬೇ?"

"ಗಡಿ ಕಾಯೂದು ಆಯಿ. ವೈರಿ ಮ್ಯಾಲ ಬಿದ್ರ ಹೊಡೀಬೇಕಾಗ್ತೈತಿ."

ನಮ್ಮಲ್ಲಿ ವರ್ಷಕ್ಕೊಮ್ಮೆ ಪರ್ಯುಷಣ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಮನೆಮನೆಗೆ ಹೋಗಿ ಕೈಮುಗಿದು ‘ಉತ್ತಮ ಕ್ಷಮಾ’ ಎಂದು ಕ್ಷಮೆ ಕೇಳುವ ಪದ್ಧತಿ. ಅವ್ವನಿಗೆ ಅದೇ ದಾರಿ ಹೊಳೆಯಿತು.

"ಆತು, ಹೋಗು. ಆದ್ರ ಹೊಡ್ಯೂ ಪ್ರಸಂಗ ಬಂದ್ರ ಮೊದಲ ಕೈಮುಗದು ‘ಉತ್ತಮ ಕ್ಷಮಾ’ ಅನ್ನು. ಆಮ್ಯಾಲ ಹೊಡಿ."

ಕಬ್ಬಿನೊಳಗಿನ ಕಣ್ಣು

ತರಬೇತಿ ಕೊಡಲು ನಮ್ಮ ಓಣಿಯ ನಿವೃತ್ತ ಸುಬೇದಾರರು ಒಪ್ಪಿದರು. ಮೂಲ ನಿಪ್ಪಾಣಿ ಕಡೆಯವರು. ಮನೆಯಲ್ಲಿ ಮರಾಠಿ, ಸಿಟ್ಟಿನಲ್ಲಿ ಹಿಂದಿ, ನಮ್ಮೊಡನೆ ಕನ್ನಡ. ಮಗಳನ್ನು ಮಾತ್ರ ಮರಾಠಿಯಲ್ಲೇ ‘ಬಾಳಾ’, ಅಂದರೆ ಮಗೂ, ಎಂದು ಕರೆಯುವರು. ನಸುಕಿನಲ್ಲಿ ಕಾಲುವೆಯ ದಂಡೆಗುಂಟ ಓಡಬೇಕು, ತಾವು ಸೇತುವೆಯ ಮೇಲೆ ಗಡಿಯಾರ ಹಿಡಿದು ನಿಲ್ಲುವುದಾಗಿ ಹೇಳಿದರು. ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಹುಡುಗಿಯೊಬ್ಬಳನ್ನೇ ಕಳಿಸುವುದು ಹೇಗೆ ಎಂದು ನಾನು ಸ್ಕೂಟರಿನಲ್ಲಿ ಹಿಂದೆ ಕಾವಲಿಗೆ ಹೊರಟೆ.

ಅದೇ ಸಮಯಕ್ಕೆ ಪಕ್ಕದ ಅಥಣಿ ತಾಲ್ಲೂಕಿನ ಐಗಳಿ ಕಡೆ ಚಿರತೆ ಕಂಡಿದೆ ಎಂದು ಎಲ್ಲರ ಮೊಬೈಲಿಗೂ ಒಂದು ಫೋಟೋ ಬಂತು. ಫೋಟೋದಲ್ಲಿ ಚಿರತೆಯ ಹಿಂದೆ ಹಿಮ ಬಿದ್ದಿತ್ತು. ಅಥಣಿ ತಾಲ್ಲೂಕಿನಲ್ಲಿ ಹಿಮ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾನಂತೂ ಹಿಮವನ್ನು ನೋಡಲೇ ಇಲ್ಲ, ಹಲ್ಲನ್ನಷ್ಟೇ ನೋಡಿದೆ.

ಮರುದಿನ ಸ್ಕೂಟರಿನ ಬೆಳಕು ಕಬ್ಬಿನ ಅಂಚಿಗೆ ಬಿತ್ತು. ಅಲ್ಲಿ ಎರಡು ಕಣ್ಣು ಹಸಿರಾಗಿ ಹೊಳೆದವು. ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಆದದ್ದೆಲ್ಲ ಕಾಲುಗಳಿಗೆ ಗೊತ್ತು. ಎಚ್ಚರ ಬಂದಾಗ ಸೇತುವೆಯ ಮೇಲೆ ಸುಬೇದಾರರ ಅಂಗಿ ಹಿಡಿದು ನಿಂತಿದ್ದೆ.

"ಏನಾತ್ರಿ ಮಾಸ್ತರ್ರ?"

"ಚಿರತಿ... ಚಿರತಿ!"

"ಎಲ್ಲೈತ್ರಿ?"

"ಹಿಂದ!"

"ಸ್ಕೂಟರ್ ಎಲ್ಲೈತ್ರಿ?"

"ಹಿಂದ!"

"ಮಗಳ?"

ನಾನು ಹಿಂದೆ ತಿರುಗಿ ನೋಡಿದೆ. ಅಷ್ಟರಲ್ಲಿ ಮಗಳು ಸ್ಕೂಟರನ್ನು ನೂಕುತ್ತ, ಓಡುತ್ತ ಬಂದಳು. ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಎತ್ತೊಂದು ಅಲ್ಲಿ ಮಲಗಿತ್ತಂತೆ. ನನ್ನ ಸ್ಕೂಟರ್ ಬಿದ್ದ ಸಪ್ಪಳಕ್ಕೆ ಅದು ದಾವಣಿಯ ಹಗ್ಗ ಹರಿದುಕೊಂಡು ಓಡಿತಂತೆ. ಆಕೆ ಅದನ್ನು ಹಿಡಿದು, ಮೈ ಸವರಿ, ಕಟ್ಟಿ ಬಂದಿದ್ದಳು.

ಸುಬೇದಾರರು ಗಡಿಯಾರವನ್ನು ಜೇಬಿಗೆ ಹಾಕಿ ಗಂಭೀರವಾಗಿ ಹೇಳಿದರು: "ಮಾಸ್ತರ್ರ, ನಾಳಿಂದ ನೀವು ಮುಂದ ಓಡ್ರಿ. ಕಾವಲಿಗಿ ಆಕಿ ಹಿಂದ ಬರ್ತಾಳ."

ಸಂಡಿಗೆ

ಬೇಸಗೆಯಲ್ಲಿ ಸುಬೇದಾರರು ನಮ್ಮ ಹಿತ್ತಲಿನಲ್ಲಿ ಎರಡು ಡ್ರಮ್ಮು ನಿಲ್ಲಿಸಿ, ಅವುಗಳ ಮೇಲೆ ಒಂದು ಉದ್ದನ್ನ ಹಲಗೆ ಹಾಕಿದರು. ಅದರ ಮೇಲೆ ಓಡಾಡಿ ಸಮತೋಲ ಕಾಯುವುದನ್ನು ಕಲಿಯಬೇಕು. ಕೆಳಗೆ ಮರಳು. ಮಗಳು ಮೂರು ಹೆಜ್ಜೆಗೊಮ್ಮೆ ಬೀಳುತ್ತಿದ್ದಳು. ನಾನು ಕಿಟಕಿಯ ಒಳಗೆ ನಿಂತು, ಆಕೆ ಬಿದ್ದಾಗಲೆಲ್ಲ ಬೀಳುತ್ತಿದ್ದೆ.

ಹಿತ್ತಲಿನಲ್ಲಿ ಚೆನ್ನಾಗಿ ಬಿಸಿಲು ಬೀಳುವ ಜಾಗ ಅದೊಂದೇ. ನನ್ನ ಹೆಂಡತಿಗೆ ಸೈನ್ಯ ಬೇರೆ, ಸಂಡಿಗೆ ಬೇರೆ. ಒಂದು ಬೆಳಿಗ್ಗೆ ಹಲಗೆಯ ಕೆಳಗೆ ನನ್ನ ಹಳೆಯ ಧೋತರ ಹಾಸಿ ವರ್ಷದ ಅಕ್ಕಿ ಸಂಡಿಗೆಯನ್ನೆಲ್ಲ ಇಟ್ಟುಬಿಟ್ಟಳು. "ಮ್ಯಾಲ ಏನರೆ ಮಾಡ್ರಿ. ಒಂದ ಸಂಡಗಿ ಮುರದ್ರ ನೋಡ್ರಿ ಮತ್ತ" ಅಂದಳು. ಅವತ್ತಿನಿಂದ ಮಗಳು ಒಮ್ಮೆಯೂ ಬೀಳಲಿಲ್ಲ. ನೀರು ತುಂಬಿದ ಕೊಡ ಹೊತ್ತುಕೊಂಡು ಹಿಂದುಮುಂದಾಗಿ ನಡೆದಳು.

ಸುಬೇದಾರರಿಗೆ ಆನಂದವೋ ಆನಂದ. "ಶಾಬ್ಬಾಸ್ ಬಾಳಾ! ಈಗ ನಡು ಹಲಗಿ ಮ್ಯಾಲ ಗರ್ರನ ತಿರಗೂದು ಹೆಂಗ ಅಂತ ತೋರಸ್ತೇನಿ" ಎಂದು ತಾವೇ ಹತ್ತಿದರು. ತಿರುಗಿದರು. ಹಲಗೆಯೂ ತಿರುಗಿತು. ಧೊಪ್ಪನೆ ಸಪ್ಪಳವಾಯಿತು, ಆಮೇಲೆ ಸಂಡಿಗೆ ಪುಡಿಯಾಗುವ ಸಣ್ಣ ಸಪ್ಪಳ. ಒಳಗಿನಿಂದ ಹೆಂಡತಿಯ ದನಿ: "ಯಾರ ಅದು?"

ನಾನು ಕಿಟಕಿ ಮುಚ್ಚಿದೆ. ಹಿಮದಲ್ಲಿ ನಿಂತು ಗಡಿ ಕಾದ, ಒಂದು ಹೆಜ್ಜೆಯೂ ಹಿಂದೆ ಸರಿಯದ ಮನುಷ್ಯ ನಮ್ಮ ಹಿತ್ತಲಿನ ಗೋಡೆ ಹಾರಿ ಕಾಣೆಯಾದರು. ಮಗಳು ಬೆರಗಾಗಿ ನೋಡುತ್ತ ಹೇಳಿದಳು: "ಅಪ್ಪಾ, ಹೈಜಂಪ್ ಹೆಂಗ ಮಾಡಬೇಕಂತ ಇಷ್ಟ ದಿನ ಬಾಯಿಲೆ ಹೇಳತಿದ್ರು. ಇವತ್ತ ತೋರಿಸಿದ್ರ ನೋಡು."

ಕತೆಯ ಕೊನೆ

ಸಂದರ್ಶನದಲ್ಲಿ ಒಂದು ಮಸುಕು ಚಿತ್ರ ತೋರಿಸಿ ಮುಚ್ಚಿಬಿಡುತ್ತಾರಂತೆ. ಅದರ ಮೇಲೆ ಥಟ್ಟನೆ ಕತೆ ಬರೆಯಬೇಕು. ನಾಯಕ ಯಾರು, ಏನು ಮಾಡಿದ, ಕೊನೆಗೆ ಏನಾಯಿತು. ಅದರಿಂದಲೇ ಬರೆದವರ ಮನಸ್ಸು ಅಳೆಯುತ್ತಾರಂತೆ. ಸುಬೇದಾರರು ಹಳೆಯ ಕ್ಯಾಲೆಂಡರಿನ ಚಿತ್ರಗಳ ಮೇಲೆ ಎಣ್ಣೆ ಹತ್ತಿದ ಕಾಗದ ಇಟ್ಟು ಅಭ್ಯಾಸ ಶುರು ಮಾಡಿದರು.

ಇಲ್ಲೊಂದು ಸಂಕಟವಿತ್ತು. ನನ್ನ ಮಗಳು ಬೆಳೆದದ್ದು ಅವ್ವನ ತೊಡೆಯ ಮೇಲೆ. ಅವ್ವನ ಕತೆಯಲ್ಲಿ ರಾಜನಿರಲಿ, ವ್ಯಾಪಾರಿಯಿರಲಿ, ಕಳ್ಳನೇ ಇರಲಿ, ಕೊನೆಗೆ ಕರಗುವ ಮೋಡವನ್ನೋ ಉದುರುವ ಎಲೆಯನ್ನೋ ನೋಡುತ್ತಾನೆ, ವೈರಾಗ್ಯ ಬರುತ್ತದೆ, ಎಲ್ಲ ಬಿಟ್ಟು ದೀಕ್ಷೆ ತೆಗೆದುಕೊಳ್ಳುತ್ತಾನೆ. ಕತೆ ಎಂದರೆ ಹೀಗೇ ಮುಗಿಯಬೇಕು ಎಂಬುದು ಹುಡುಗಿಯ ರಕ್ತಕ್ಕೇ ಇಳಿದಿತ್ತು.

ಮೊದಲ ಚಿತ್ರ, ತುಂಬಿದ ಹೊಳೆಯ ದಂಡೆಯಲ್ಲಿ ನಿಂತ ಯುವಕ. ಮಗಳು ಓದಿದಳು: "ಅವನು ಹಳ್ಳಿಯ ಜನರನ್ನೆಲ್ಲ ದೋಣಿಯಲ್ಲಿ ದಾಟಿಸಿದನು." ಸುಬೇದಾರರು ತಲೆಯಾಡಿಸಿದರು. "ಬಳಿಕ ಹರಿಯುವ ನೀರನ್ನು ನೋಡಿ, ಬದುಕೂ ಇಷ್ಟೇ ಎಂದು ತಿಳಿದು ಮನೆಯನ್ನು ತ್ಯಜಿಸಿದನು." ಆಡಿಸುತ್ತಿದ್ದ ತಲೆ ನಿಂತಿತು.

ಎರಡನೆಯ ಚಿತ್ರ, ಉರಿಯುವ ಟ್ರಕ್ಕಿನ ಮುಂದೆ ಒಬ್ಬ ಸೈನಿಕ. "ಆ ಜ್ವಾಲೆಯನ್ನು ಕಂಡು ಅವನಿಗೆ ವೈರಾಗ್ಯ ಬಂದಿತು..."

ಸುಬೇದಾರರು ಕೈ ಎತ್ತಿದರು. "ಬಾಳಾ, ವೈರಾಗ್ಯ ಪೆನ್ಶನ್ ಬಂದ ಮ್ಯಾಲ. ಮೊದಲ ಟ್ರಕ್ಕಿನ ಬೆಂಕಿ ಆರಸು!"

ಅಲ್ಲಿಂದ ಮುಂದೆ ಕತೆಯಲ್ಲಿ ಯಾರೂ ಯಾವ ಕಾರಣಕ್ಕೂ ಕಾಡಿಗೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಮಗಳು ಕಷ್ಟಪಟ್ಟು ಕಲಿತಳು. ಕೊನೆಗೊಂದು ದಿನ ಒಳ್ಳೆಯ ಕತೆ ಬಂತು. ಅಪಘಾತವಾಗುತ್ತದೆ, ನಾಯಕಿ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುತ್ತಾಳೆ, ರಕ್ತ ಹೊಂದಿಸುತ್ತಾಳೆ, ಎಲ್ಲರೂ ಬದುಕುತ್ತಾರೆ, ಆಕೆ ಮರುದಿನ ಕೆಲಸಕ್ಕೆ ಹೋಗುತ್ತಾಳೆ. ಸುಬೇದಾರರು ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಕೂತು ಕೇಳುತ್ತಿದ್ದ ಅವ್ವ ಮಾತ್ರ, "ಮುಂದ?" ಅಂದಳು.

"ಮುಂದ ಏನಿಲ್ಲ ಆಯಿ. ಮುಗೀತು."

"ಯಾವ ಮಾಸ್ತರ ಕಲಿಸ್ಯಾನಬೇ ಇದನ್ನ? ಅರ್ಧಾ ಕತಿ ಹೇಳಿ ಎದ್ದ ನಿಂತೀರಲ್ಲ!"

ಕಿವಿಯ ಎಣ್ಣೆ

ಬರೆಯುವ ಪರೀಕ್ಷೆ ಪಾಸಾದಳು. ಒಂದು ಜರಡಿ ಹೋಯಿತು. ಬೆಂಗಳೂರಿನ ಐದು ದಿನದ ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋದೆ. ಮೊದಲ ದಿನ ಮಧ್ಯಾಹ್ನವೇ ಬಹಳ ಮಂದಿಯನ್ನು ತಿರುಗಿ ಕಳಿಸುತ್ತಾರೆ. ಗೇಟಿನ ಎದುರು ಗಿಡದ ಕೆಳಗೆ ನಿಂತೆ. ಗೇಟು ತೆರೆದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ. ಮಕ್ಕಳು ತಲೆ ತಗ್ಗಿಸಿ ಹೊರಗೆ ಬರುತ್ತಿದ್ದರು, ನನ್ನ ಮಗಳು ಬರಲಿಲ್ಲ. ಐದನೆಯ ದಿನ ಎರಡನೆಯ ಜರಡಿಯನ್ನೂ ದಾಟಿಬಿಟ್ಟಳು.

ಮೈ ತಪಾಸಣೆಗೆ ಕೆಲವು ದಿನ ಬಿಟ್ಟು ಸೈನ್ಯದ ಆಸ್ಪತ್ರೆಗೆ ಬರಲು ಹೇಳಿದ್ದರು. ಮಗಳು ಊರಿಗೆ ಬಂದಳು. ಒಳ್ಳೆಯ ಕೆಲಸಕ್ಕೆ ಹೊರಡುವವರಿಗೆ ಎಣ್ಣೆ ಎರೆಯದೆ ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ. ಹೊರಡುವ ದಿನ ಅವ್ವ ಕುಸುಬೆ ಎಣ್ಣೆ ಕಾಯಿಸಿ ನೆತ್ತಿಗೆ ಹಾಕಿದಳು, ಹೊಕ್ಕುಳಕ್ಕೆ ಹಾಕಿದಳು, ಎರಡೂ ಕಿವಿಗೆ ತುಂಬ ಸುರಿದು ಅರಳೆ ತುರುಕಿದಳು. ತಲೆ ತಂಪಾಗಿದ್ದರೆ ಡಾಕ್ಟರ ಪ್ರಶ್ನೆಗೆ ಚೆನ್ನಾಗಿ ಉತ್ತರ ಹೇಳುತ್ತಾಳೆ ಎಂದು ಅವಳ ವಿಚಾರ.

ಆಸ್ಪತ್ರೆಯ ಡಾಕ್ಟರಮ್ಮ ಕಿವಿಗೆ ಬೆಳಕು ಹಿಡಿದು ನೋಡಿದರಂತೆ. ಏನೂ ಕಾಣಲಿಲ್ಲವಂತೆ. ಬಗ್ಗಿ ನೋಡಿದರಂತೆ. "ಕಿವಿಯ ತಮಟೆ ಎಲ್ಲಿದೆಯಮ್ಮಾ? ಇದರಲ್ಲಿ ಒಗ್ಗರಣೆ ಹಾಕಬಹುದು" ಎಂದು, ಸದ್ಯಕ್ಕೆ ಅನರ್ಹ, ಕಿವಿ ಸ್ವಚ್ಛ ಮಾಡಿಸಿಕೊಂಡು ಮರುತಪಾಸಣೆಗೆ ಬಾ ಎಂದು ಬರೆದುಕೊಟ್ಟರಂತೆ.

ಕುಡಚಿ ಸ್ಟೇಶನ್ನಿನಲ್ಲಿ ಇಳಿದು, ಬಾಕಿನ ಮೇಲೆ ಕೂತು ಮಗಳು ಅತ್ತಳು. ಎಷ್ಟೋ ಸಲ ಬಿದ್ದು ಮೊಣಕಾಲು ತರಚಿಕೊಂಡಾಗಲೂ ಅಳದವಳು. "ಅಪ್ಪಾ, ಮತ್ತ ಬ್ಯಾಡ ಅಂದ್ರ?" ಎಂದು ಕೇಳಿದಳು. ಜರಡಿಯಲ್ಲಿ ನಿಲ್ಲಲಿ ಎಂದು ನಾನು ಲೆಕ್ಕ ಹಾಕಿದ್ದೆನಲ್ಲ, ಈಗ ನಿಂತಿದ್ದಳು. ನನಗೆ ಸ್ವಲ್ಪವೂ ಸುಖವಾಗಲಿಲ್ಲ. ಎರಡು ಜೇಬಿನ ಎರಡು ಭಯದಲ್ಲಿ ಒಂದು ಅಲ್ಲೇ ಸತ್ತಿತು. ಪಾಸಾಗಲಿ, ಎಲ್ಲಿಗೆ ಬೇಕಾದರೂ ಹೋಗಲಿ, ಈ ಹುಡುಗಿ ಮಾತ್ರ ಹೀಗೆ ಅಳಬಾರದು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಮರುದಿನವೇ ಮೀರಜಿನ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಕತೆಯೆಲ್ಲ ಕೇಳಿ ನಗುತ್ತ ಮಗಳ ಕಿವಿ ಸ್ವಚ್ಛ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಣ್ಣಿ ಹಾಕಿದವ್ರು ನಿಮ್ಮ ತಾಯಿನ ಅಲ್ರಿ? ಬರ್ರಿ, ನಿಮ್ಮದೂ ನೋಡೂಣು" ಅಂದರು. ಬೆಳಕು ಹಿಡಿದರು. ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಇದು ನೀವು ತೊಟ್ಟಿಲದಾಗ ಇದ್ದಾಗಿಂದು ಐತ್ರಿ."

ಗೇಟಿನ ಹತ್ತಿರ

ಮರುತಪಾಸಣೆಯಲ್ಲಿ ಪಾಸಾದಳು. ಆಯ್ಕೆಯ ಪಟ್ಟಿಯಲ್ಲಿ ಹೆಸರೂ ಬಂತು. ಊರೆಲ್ಲ ಪೇಡೆ ತಿಂದಿತು. ಬಿಡಲು ನಾವೆಲ್ಲರೂ ಹೊರಟೆವು: ನಾನು, ಹೆಂಡತಿ, ಅವ್ವ, ಸುಬೇದಾರರು. ರೈಲಿನಲ್ಲಿ ಮಗಳೊಬ್ಬಳು ನಿದ್ದೆ ಮಾಡಿದಳು.

ಅಕಾಡೆಮಿಯ ದೊಡ್ಡ ಸಭಾಗೃಹದಲ್ಲಿ ತಂದೆತಾಯಿಗಳನ್ನೆಲ್ಲ ಕೂರಿಸಿ ಒಬ್ಬ ಮಹಿಳಾ ಅಧಿಕಾರಿ ಮಾತಾಡಿದರು. ಆಮೇಲೆ, ಯಾರದಾದರೂ ಪ್ರಶ್ನೆ ಇದೆಯೇ ಎಂದರು. ದೊಡ್ಡ ದೊಡ್ಡ ಊರಿನವರು ಇಂಗ್ಲಿಷಿನಲ್ಲಿ ರಜೆ, ಫೋನು, ರ‍್ಯಾಂಕು ಎಂದು ಕೇಳಿದರು. ನನಗೂ ಒಂದು ಪ್ರಶ್ನೆ ಇತ್ತು, ಎದ್ದು ಕೇಳಲು ಹೆದರಿಕೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು. ಅವ್ವ!

"ಯವ್ವಾ, ನಾವು ಜೈನರು. ಹೊತ್ತ ಮುಳಗಿದ ಮ್ಯಾಲ ಉಣ್ಣೂದಿಲ್ಲ. ನೀವು ಹೊತ್ತ ಮುಳಗೂದ್ರೊಳಗ ಊಟಕ್ಕ ಹಾಕ್ತೀರೋ ಇಲ್ಲೋ?"

ಸಭೆಯೆಲ್ಲ ತಿರುಗಿ ನೋಡಿತು. ನಾನು ಕುರ್ಚಿಯೊಳಗೆ ಇಳಿದೆ. ಸುಬೇದಾರರು ಅಟೆನ್ಶನ್ನಿನಲ್ಲಿ ನಿಂತು ಹಿಂದಿಯಲ್ಲಿ ಹೇಳಿದರು. ಅಧಿಕಾರಿ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಉತ್ತರ ಕೊಟ್ಟರು. ಸುಬೇದಾರರು ಅದನ್ನು ಕನ್ನಡಕ್ಕೆ ತಂದರು: "ಆಯಿ, ಮೊದಲ ವರ್ಷ ಇಲ್ಲಿ ಹೊತ್ತ ಯಾವಾಗ ಹುಟ್ಟಿತು, ಯಾವಾಗ ಮುಳಗಿತು ಅನ್ನೂದು ಯಾವ ಹುಡುಗರಿಗೂ ತಿಳಿಯೂದಿಲ್ಲಂತ."

ಅವ್ವ ಯೋಚಿಸಿದಳು. "ತಿಳೀದ ಉಂಡ್ರ ದೋಷ ಇಲ್ಲ ಬಿಡು" ಎಂದು ಕೂತಳು.

ಕೊನೆಗೆ ಬೀಳ್ಕೊಡುವ ಹೊತ್ತು ಬಂತು. ಹೊಸ ಮಕ್ಕಳು ಒಳಗಿನ ಗೇಟಿನ ಮುಂದೆ ಸಾಲುಗಟ್ಟಬೇಕು, ಪಾಲಕರು ಹೊರಗೇ ಉಳಿಯಬೇಕು. ಹೆಂಡತಿ ಸೆರಗು ಬಾಯಿಗೆ ಹಿಡಿದಿದ್ದಳು. ಮಗಳು ಎಲ್ಲರ ಕಾಲು ಮುಟ್ಟಿ, ಕೊನೆಗೆ ನನ್ನ ಕೈ ಹಿಡಿದಳು.

"ಅಪ್ಪಾ" ಅಂದಳು ಮೆಲ್ಲಗೆ, "ನಂಗ ಹೆದರಿಕಿ ಆಗಾಕತ್ತೈತಿ."

ಹುಟ್ಟಿದಾಗಿನಿಂದ ಈ ಹುಡುಗಿ ಆ ಮಾತು ಆಡಿರಲಿಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಗಣಿತ ಕೇಳಿದ್ದರೆ ನನಗೆ ಬರುತ್ತಿರಲಿಲ್ಲ, ಇಂಗ್ಲಿಷ್ ಕೇಳಿದ್ದರೆ ಬರುತ್ತಿರಲಿಲ್ಲ. ಕೊನೆಗೂ ನನಗೆ ಬರುವ ವಿಷಯವನ್ನೇ ಕೇಳಿದ್ದಳು.

"ಹೆದರಿಕಿ ಅಂದ್ರ ನನ್ನ ಕೇಳವಾ" ಅಂದೆ. "ಅದು ಹೋಗೂದಿಲ್ಲ. ಹೋಗಲಿ ಅಂತ ನಾ ಜನ್ಮಪೂರ್ತಿ ಕಾದೇನಿ, ಹೋಗಿಲ್ಲ. ಅದನ್ನ ಕಾಯಬ್ಯಾಡ. ನೀ ಹೆಜ್ಜಿ ಇಡು. ಅದರ ಪಾಡಿಗೆ ಅದು ನಿನ್ನ ಹಿಂದ ಬರ್ತೈತಿ, ಬರಲಿ."

ಮಗಳು ಕಣ್ಣೊರೆಸಿಕೊಂಡು ನಕ್ಕಳು. "ನಿನ್ನಂಗ?"

ಸೀಟಿ ಊದಿದರು. ಆಕೆ ಕೈ ಬಿಟ್ಟು, ಚೀಲ ಏರಿಸಿ, ಸಾಲಿನಲ್ಲಿ ನಿಂತಳು. ಸಾಲು ನಡೆಯಿತು. ಆಕೆ ಹಿಂತಿರುಗಿ ನೋಡಲಿಲ್ಲ. ನಾನು ಆಕೆಯ ಬೆನ್ನಿನ ಚೀಲವನ್ನೇ ನೋಡುತ್ತಿದ್ದೆ. ಅದು ಸಣ್ಣದಾಗುತ್ತದೆ ಎಂದುಕೊಂಡಿದ್ದೆ, ಯಾಕೋ ಸಣ್ಣದಾಗುತ್ತಲೇ ಇರಲಿಲ್ಲ. ಹಿಂದಿನಿಂದ ಹೆಂಡತಿ "ರೀ! ರೀ!" ಎಂದು ಕೂಗುತ್ತಿದ್ದದ್ದೂ ನನ್ನನ್ನೇ ಎಂದು ತಿಳಿಯಲಿಲ್ಲ.

ಎದೆಗೆ ಒಂದು ಅಗಲವಾದ ಕೈ ಅಡ್ಡ ಬಂತು. ನೋಡಿದರೆ ನಾನು ಗೇಟಿನ ಒಳಗಿದ್ದೆ, ಸಾಲಿನ ಕೊನೆಯಲ್ಲಿ. ನನ್ನ ಎಡಗಾಲು ಮುಂದಿತ್ತು. ದೊಡ್ಡ ಮೀಸೆಯ ಕಾವಲುಗಾರ ಹವಾಲ್ದಾರ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ:

"ಸಾಬ್, ಸಿಲೆಕ್ಷನ್ ಬೇಟಿ ಕಾ ಹುವಾ ಹೈ. ಆಪ್ ಕಾ ನಹೀ."